ಹೆಸರು ನಿಮ್ಮದು, ಕಾಗದ ಯಾರ ಹೆಸರಲ್ಲಿದೆ?

ಈ ಸಲ ಬಂದ ಪತ್ರಗಳಲ್ಲಿ ಅಂಗಡಿ ಹೆಸರು, ಬ್ರ್ಯಾಂಡ್ ಹೆಸರಿನ ಜಗಳಗಳೇ ಜಾಸ್ತಿ. ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಉಳಿದ ಎಷ್ಟೋ ಜನ ಕೇಳಿರುವುದೂ ಸುಮಾರಾಗಿ ಅದನ್ನೇ.

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಒಂದು ಹಳ್ಳಿಯವಳು. 2014ರಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಚಟ್ನಿಪುಡಿ, ಸಾಂಬಾರ್ ಪುಡಿ ಮಾಡಿ ಮಾರುತ್ತಿದ್ದೇನೆ. ನಮ್ಮ ಅತ್ತೆಯವರ ಹೆಸರನ್ನೇ ಬ್ರ್ಯಾಂಡಿಗೆ ಇಟ್ಟಿದ್ದೇನೆ. ಎಫ್‌ಎಸ್‌ಎಸ್‌ಎಐ ಇದೆ, ಉದ್ಯಮ್ ರಿಜಿಸ್ಟ್ರೇಷನ್ ಇದೆ. ಕಳೆದ ದೀಪಾವಳಿಯಿಂದ ಬೇರೆ ಊರಿನವರೊಬ್ಬರು ಒಂದೇ ಒಂದು ಅಕ್ಷರ ಬದಲಿಸಿ, ನಮ್ಮದೇ ತರಹದ ಹಸಿರು-ಹಳದಿ ಲೇಬಲ್ ಹಚ್ಚಿ ಉಪ್ಪಿನಕಾಯಿ ಮಾರುತ್ತಿದ್ದಾರೆ. ಗಿರಾಕಿಗಳು ನನಗೆ ಫೋನ್ ಮಾಡಿ "ಏನಕ್ಕಾ, ಈ ಸಲ ಮಿಡಿ ಮೆತ್ತಗಾಗಿದೆಯಲ್ಲ" ಅಂತಾರೆ. ಅದು ನನ್ನದೇ ಅಲ್ಲ! 1999 ರೂಪಾಯಿಗೆ ಟ್ರೇಡ್‌ಮಾರ್ಕ್ ಮಾಡಿಸಿಕೊಡುತ್ತೇವೆ ಎಂಬ ಜಾಹೀರಾತು ಮೊಬೈಲಿನಲ್ಲಿ ಬರುತ್ತದೆ. ಬೆಂಗಳೂರಿನ ವಕೀಲರೊಬ್ಬರು 35 ಸಾವಿರ ಹೇಳಿದರು. ವಕೀಲರು ಬೇಕೇಬೇಕಾ?

ಉತ್ತರ: ನಿಮಗೆ ಬೇಕು. ಬರೀ ಟ್ರೇಡ್‌ಮಾರ್ಕ್‌ಗೆ, ಅಂದರೆ ಬ್ರ್ಯಾಂಡ್ ಹೆಸರಿನ ನೋಂದಣಿಗೆ, ಅರ್ಜಿ ಹಾಕುವುದಾದರೆ ವಕೀಲರು ಕಡ್ಡಾಯವಲ್ಲ, ನೀವೇ ಆನ್‌ಲೈನ್‌ನಲ್ಲಿ ಹಾಕಬಹುದು. ಆದರೆ ನಿಮ್ಮ ಹೆಸರಿಗೆ ಆಗಲೇ ಒಬ್ಬರು ಕೈ ಹಾಕಿದ್ದಾರೆ. ಈಗ ಅರ್ಜಿ ಹಾಕಬೇಕು, ಅವರನ್ನು ತಡೆಯಲೂ ಬೇಕು, ಇವೆರಡರಲ್ಲಿ ಬರೆಯುವ ಮಾತು ಒಂದಕ್ಕೊಂದು ಹೊಂದಿಕೆಯಾಗಬೇಕು. ಅರ್ಜಿಯಲ್ಲಿ ತಪ್ಪಿ ಬರೆದ ಒಂದು ದಿನಾಂಕ ನಾಳೆ ಕೋರ್ಟಿನಲ್ಲಿ ನಿಮ್ಮ ವಿರುದ್ಧವೇ ನಿಲ್ಲುತ್ತದೆ. 1999 ರೂಪಾಯಿಯ ಜಾಹೀರಾತಿನವರು ನಿಮ್ಮ ಫೋನಿಗೆ ಒಂದು ಫಾರ್ಮ್ ಕಳಿಸುತ್ತಾರೆ, ನೀವು ತುಂಬುತ್ತೀರಿ, ಅವರು ಅಪ್‌ಲೋಡ್ ಮಾಡುತ್ತಾರೆ. ನೀವು ಯಾವ ವರ್ಷದಿಂದ ಆ ಹೆಸರು ಬಳಸುತ್ತಿದ್ದೀರಿ ಅಂತ ಅವರು ಕೇಳುವುದೇ ಇಲ್ಲ. "ಮುಂದೆ ಬಳಸುವ ಉದ್ದೇಶವಿದೆ" ಅಂತ ಒಂದು ಕಾಲಂ ಇರುತ್ತದೆ, ಸುಲಭ ಅಂತ ಅದನ್ನೇ ಒತ್ತಿಬಿಡುತ್ತಾರೆ. ಅಲ್ಲಿಗೆ ನಿಮ್ಮ ಅಷ್ಟು ವರ್ಷಗಳ ದುಡಿಮೆ ಕಾಗದದ ಮೇಲೆ ಇಲ್ಲದಂತೆಯೇ ಆಯಿತು.

ಈ ದಿನಾಂಕಕ್ಕೆ ಯಾಕೆ ಇಷ್ಟು ಒತ್ತು ಕೊಡುತ್ತಿದ್ದೇನೆ ಅಂದರೆ, ನಮ್ಮ ದೇಶದ ಕಾನೂನಿನಲ್ಲಿ ಮೊದಲು ನೋಂದಾಯಿಸಿದವರಿಗಿಂತ ಮೊದಲು ಬಳಸಿದವರ ಹಕ್ಕು ದೊಡ್ಡದು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 34ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವಾದ ಕೇಸು ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. 2015ರಲ್ಲಿ ಕೋರ್ಟು ಮೊದಲಿನಿಂದ ಆ ಹೆಸರಿನಲ್ಲಿ ವ್ಯಾಪಾರ ಮಾಡಿಕೊಂಡು ಬಂದವರ ಪರ ನಿಂತಿತು. ಎದುರಿನವರ ಕೈಯಲ್ಲೂ ನೋಂದಣಿ ಇತ್ತು, ಆದರೂ ಅದು ಅವರನ್ನು ಕಾಪಾಡಲಿಲ್ಲ. ಹಾಗಾಗಿ ನಿಮ್ಮ ಕೈ ಖಾಲಿಯಿಲ್ಲ, ಧೈರ್ಯವಾಗಿರಿ. ನೋಂದಣಿ ಇನ್ನೂ ಆಗದಿದ್ದರೂ "ಪಾಸಿಂಗ್ ಆಫ್" ಅಂತ ದಾವೆ ಹಾಕಲು ಬರುತ್ತದೆ, ಅಂದರೆ ಅವರ ಸರಕನ್ನು ನಿಮ್ಮದೆಂದು ನಂಬಿಸಿ ಮಾರುತ್ತಿದ್ದಾರೆ ಎಂಬ ದೂರು.

ಆದರೆ ಬಾಯಿಮಾತು ನಡೆಯುವುದಿಲ್ಲ. ಕೆಲವು ವರ್ಷಗಳ ಹಿಂದೆ ಒಬ್ಬರು ನನ್ನ ಕಚೇರಿಗೆ ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಯಲ್ಲಿ ಹಳೇ ಕಾಗದ ತುಂಬಿಕೊಂಡು ಬಂದಿದ್ದರು. ಹಪ್ಪಳದ ವ್ಯಾಪಾರ. ಇಡೀ ಮಧ್ಯಾಹ್ನ ನೆಲದ ಮೇಲೆ ಕೂತು ಒಂದೊಂದೇ ಬಿಡಿಸಿದೆವು. ಕರೆಂಟ್ ಬಿಲ್ಲು, ಮದುವೆ ಕಾಗದ, ಅಕ್ಕಿ ಚೀಟಿ. ಕೊನೆಗೆ ತಳದಲ್ಲಿ, ಎಣ್ಣೆ ಹತ್ತಿ ಪಾರದರ್ಶಕವಾಗಿದ್ದ ಒಂದು ಚೀಟಿ ಸಿಕ್ಕಿತು. ಪ್ರಿಂಟಿಂಗ್ ಪ್ರೆಸ್ಸಿನ ಬಿಲ್ಲು, "ಹಪ್ಪಳ ಲೇಬಲ್ 500", ಬ್ರ್ಯಾಂಡಿನ ಹೆಸರು, ಕೆಳಗೆ ದಿನಾಂಕ. ಅವರ ಬಳಿ ಅದಕ್ಕಿಂತ ಹಳೆಯ ಇನ್ನೊಂದು ಸಾಕ್ಷಿ ಇರಲಿಲ್ಲ. ಆ ಒಂದು ಚೀಟಿಯ ಮೇಲೇ ಅಫಿಡವಿಟ್ ನಿಂತಿತು.

ನೀವೂ ವಕೀಲರ ಹತ್ತಿರ ಹೋಗುವ ಮೊದಲು ಈ ಕೆಲಸ ಮಾಡಿ. 2014ರಿಂದ ಪ್ರತಿ ವರ್ಷದ್ದು ಒಂದೆರಡಾದರೂ ಬಿಲ್, ಲೇಬಲ್ ಅಚ್ಚು ಹಾಕಿಸಿದ್ದು, ಕೊರಿಯರ್ ರಸೀದಿ, ಮೇಳದಲ್ಲಿ ಮಳಿಗೆ ಹಾಕಿದ ಫೋಟೋ, ಪೇಪರಿನಲ್ಲಿ ಬಂದಿದ್ದರೆ ಆ ತುಣುಕು. ಗಿರಾಕಿಗಳ ಫೋನ್ ಬಂತು ಅಂದಿರಲ್ಲ, ಅದು ನಿಮ್ಮ ಕೇಸಿನಲ್ಲಿ ಚಿನ್ನದಂಥದ್ದು. ಯಾರು, ಯಾವ ದಿನ, ಯಾವ ಅಂಗಡಿಯಲ್ಲಿ ಕೊಂಡರು ಅಂತ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಆ ನಕಲಿ ಬಾಟಲಿ ಎರಡನ್ನು ಬಿಲ್ ಸಮೇತ ಕೊಂಡು, ಮುಚ್ಚಳ ತೆಗೆಯದೆ ಎತ್ತಿಡಿ.

ಇನ್ನು ಎಫ್‌ಎಸ್‌ಎಸ್‌ಎಐ ಮಾತು. ಅದು ಆಹಾರ ಸುರಕ್ಷತೆಯ ಪರವಾನಗಿ. ಹೆಸರಿನ ಹಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಜಿಎಸ್‌ಟಿಯೂ ಅಷ್ಟೇ, ಕಂಪನಿ ಹೆಸರು ನೋಂದಾಯಿಸಿದ್ದರೆ ಅದೂ ಅಷ್ಟೇ. ಆದರೆ ಉದ್ಯಮ್ ರಿಜಿಸ್ಟ್ರೇಷನ್ನಿಂದ ಒಂದು ಲಾಭವಿದೆ. ಸಣ್ಣ ಉದ್ಯಮಕ್ಕೆ, ವ್ಯಕ್ತಿಗಳಿಗೆ, ಸ್ಟಾರ್ಟಪ್‌ಗಳಿಗೆ ಆನ್‌ಲೈನ್ ಅರ್ಜಿಯ ಸರ್ಕಾರಿ ಶುಲ್ಕ ಒಂದು ವರ್ಗಕ್ಕೆ 4500 ರೂಪಾಯಿ, ಉಳಿದವರಿಗೆ 9000. ಸರಕು-ಸೇವೆಗಳನ್ನೆಲ್ಲ 45 ವರ್ಗ ಮಾಡಿದ್ದಾರೆ. ಉಪ್ಪಿನಕಾಯಿ 29ನೇ ವರ್ಗಕ್ಕೆ ಬರುತ್ತದೆ, ಸಾಂಬಾರ್ ಪುಡಿಯಂಥ ಮಸಾಲೆ 30ಕ್ಕೆ. ನಿಮಗೆ ಎರಡೂ ಬೇಕು, ಅಲ್ಲಿಗೆ 9000. ಈಗ ಆ 1999 ರೂಪಾಯಿಯ ಲೆಕ್ಕ ನೋಡಿ. ಸರ್ಕಾರಕ್ಕೇ 4500 ಕಟ್ಟಬೇಕಾದ ಕೆಲಸ 1999ರಲ್ಲಿ ಮುಗಿಯುವುದು ಹೇಗೆ? ಅದು ಅವರ ಕೂಲಿ ಮಾತ್ರ. ಕಚೇರಿಯವರು ಅರ್ಜಿ ಪರಿಶೀಲಿಸಿ ಕೊಡುವ ಪರೀಕ್ಷಾ ವರದಿಗೆ ಉತ್ತರ, ಹಿಯರಿಂಗ್, ತಕರಾರು ಬಂದರೆ ಅದಕ್ಕೆ ಉತ್ತರ, ಎಲ್ಲಕ್ಕೂ ಆಮೇಲೆ ಬೇರೆ ಬೇರೆ ದುಡ್ಡು. ಹಾಗೆಯೇ "30 ದಿನದಲ್ಲಿ ನೋಂದಣಿ ಗ್ಯಾರಂಟಿ" ಅನ್ನುವವರನ್ನು ನಂಬಲೇಬೇಡಿ. ಅರ್ಜಿ ಒಪ್ಪಿಗೆಯಾಗಿ ಸರ್ಕಾರದ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ತಕರಾರು ಮಾಡುವವರಿಗೆಂದೇ 4 ತಿಂಗಳು ಬಿಡಬೇಕು.

35 ಸಾವಿರ ಜಾಸ್ತಿಯೋ ಕಡಿಮೆಯೋ ಎಂಬುದು ಅದರಲ್ಲಿ ಏನೇನು ಸೇರಿದೆ ಎಂಬುದರ ಮೇಲಿದೆ. ಇಂಥದ್ದೇ ಹೆಸರು ಬೇರೆಯವರದ್ದಿದೆಯಾ ಎಂಬ ಹುಡುಕಾಟ, ಎರಡು ವರ್ಗದ ಅರ್ಜಿ, ಅಫಿಡವಿಟ್, ಪರೀಕ್ಷಾ ವರದಿಗೆ ಉತ್ತರ, ಆ ಕಡೆಯವರಿಗೆ ನೋಟಿಸ್, ಇಷ್ಟೂ ಸೇರಿದ್ದರೆ ಅದು ಅನ್ಯಾಯದ ಮೊತ್ತ ಅಂತ ನನಗೆ ಅನಿಸುವುದಿಲ್ಲ. ಬರೀ ಅರ್ಜಿಗಾದರೆ ಖಂಡಿತ ಜಾಸ್ತಿ. ಬರಹದಲ್ಲಿ ಕೇಳಿ. ಸರ್ಕಾರಿ ಶುಲ್ಕ ಎಷ್ಟು, ನಿಮ್ಮ ಫೀಸು ಎಷ್ಟು, ಮುಂದಿನ ಹಂತಗಳಿಗೆ ಎಷ್ಟು ಅಂತ. ಒಳ್ಳೆಯ ವಕೀಲರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಇನ್ನೊಂದು ವಿಷಯ ತಿಳಿದಿರಲಿ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಒಮ್ಮೆ ವಿಚಾರಿಸಿ.

ಯಾರನ್ನು ಹಿಡಿಯಬೇಕು? "ಟ್ರೇಡ್‌ಮಾರ್ಕ್ ಅಟಾರ್ನಿ" ಅಂತ ಬೋರ್ಡು ಯಾರು ಬೇಕಾದರೂ ಹಾಕಿಕೊಂಡಿರಬಹುದು. ನಮ್ಮ ಕಾನೂನಿನಲ್ಲಿ ನಿಮ್ಮ ಪರವಾಗಿ ರಿಜಿಸ್ಟ್ರಿಯ, ಅಂದರೆ ಟ್ರೇಡ್‌ಮಾರ್ಕ್ ಕಚೇರಿಯ, ಮುಂದೆ ವೃತ್ತಿಯಾಗಿ ನಿಲ್ಲಬಲ್ಲವರು ವಕೀಲರು ಮತ್ತು ನೋಂದಾಯಿತ ಟ್ರೇಡ್‌ಮಾರ್ಕ್ ಏಜೆಂಟರು. ಏಜೆಂಟರು ಅರ್ಜಿ ಕೆಲಸದಲ್ಲಿ ಪಳಗಿರುತ್ತಾರೆ, ಆದರೆ ಅವರು ವಕೀಲರೂ ಆಗಿರದಿದ್ದರೆ ಕೋರ್ಟಿನಲ್ಲಿ ನಿಮ್ಮ ಪರ ವಾದಿಸಲು ಬರುವುದಿಲ್ಲ. ನಿಮ್ಮದು ಕೋರ್ಟಿನ ತನಕ ಹೋಗುವ ಲಕ್ಷಣ ಇರುವುದರಿಂದ ವಕೀಲರೇ ಇರಲಿ. ಬಾರ್ ಕೌನ್ಸಿಲ್ ಎನ್‌ರೋಲ್‌ಮೆಂಟ್ ನಂಬರ್ ಕೇಳಿ. ಈ ತರಹದ ಕೇಸು ನಡೆಸಿದ್ದೀರಾ, ಆ ಕಡೆಯವರ ಕೆಲಸವೇನಾದರೂ ನಿಮ್ಮ ಹತ್ತಿರ ಇದೆಯಾ, ಅರ್ಜಿ ಬರೆಯುವವರು ನೀವೋ ಅಥವಾ ಆಫೀಸಿನ ಹುಡುಗರೋ, ಇದನ್ನೆಲ್ಲ ನೇರವಾಗಿ ಕೇಳಿ. ದೂರದ ಚಿಂತೆ ಬೇಡ. ಕರ್ನಾಟಕದ ಅರ್ಜಿಗಳೆಲ್ಲ ಚೆನ್ನೈ ಕಚೇರಿಗೆ ಹೋಗುತ್ತವೆ, ಹಿಯರಿಂಗ್ ವಿಡಿಯೊದಲ್ಲೇ ಆಗುತ್ತದೆ. ಶಿವಮೊಗ್ಗದ ವಕೀಲರಾದರೂ ನಡೆಯುತ್ತದೆ.

ಕೆಲಸ ಶುರುವಾದ ಮೇಲೆ ಮೊದಲು ಹುಡುಕಾಟ ಮಾಡಿಸಿ. ಆ ಕಡೆಯವರು ಆಗಲೇ ಅರ್ಜಿ ಹಾಕಿದ್ದಾರಾ ನೋಡಬೇಕು. ಹಾಕಿ, ಜರ್ನಲ್‌ನಲ್ಲಿ ಬಂದಿದ್ದರೆ ತಕರಾರಿಗೆ 4 ತಿಂಗಳೇ ಗಡುವು, ಒಂದು ದಿನವೂ ಜಾಸ್ತಿ ಸಿಗುವುದಿಲ್ಲ. ನೋಂದಣಿಯೇ ಆಗಿಹೋಗಿದ್ದರೆ ರದ್ದು ಮಾಡಿಸಲು ಬೇರೆ ದಾರಿ ಇದೆ. ಹುಡುಕುವಾಗ ಇಂಗ್ಲಿಷ್ ಸ್ಪೆಲಿಂಗ್ ಕಡೆ ಗಮನ ಇರಲಿ. ನಮ್ಮ ಹೆಸರುಗಳ ಸ್ಪೆಲಿಂಗ್ ಒಂದೇ ತರಹ ಇರುವುದಿಲ್ಲ. 'ಟ' 'ತ' ಎರಡಕ್ಕೂ ಒಂದೇ ಅಕ್ಷರ, ಅದರ ಪಕ್ಕ 'ಎಚ್' ಇರುವುದು ಒಂದು, ಇಲ್ಲದ್ದು ಒಂದು, 'ಎ' ಒಂಟಿ, 'ಎ' ಜೋಡಿ. ಎಲ್ಲವನ್ನೂ ಹಾಕಿ ನೋಡಬೇಕು. ಕನ್ನಡ ಬಾರದ ವಕೀಲರು ಇದನ್ನು ಬಿಟ್ಟುಬಿಡುವ ಸಾಧ್ಯತೆ ಜಾಸ್ತಿ, ನೀವೇ ಒಂದು ಪಟ್ಟಿ ಬರೆದುಕೊಡಿ. ಅರ್ಜಿಯನ್ನು ಬರೀ ಹೆಸರಿಗೆ ಒಂದು, ಲೇಬಲ್ಲಿಗೆ ಒಂದು ಹಾಕಿದರೆ ಒಳ್ಳೆಯದು. ಲೇಬಲ್ ಬರೆದುಕೊಟ್ಟವರು ಯಾರು? ಪ್ರೆಸ್ಸಿನ ಹುಡುಗನೇ ಆಗಿದ್ದರೆ, ಅದರ ಹಕ್ಕು ನಿಮಗೆ ಕೊಟ್ಟಿದ್ದೇನೆ ಅಂತ ಅವರಿಂದ ಬರಹದಲ್ಲಿ ಸಹಿ ಹಾಕಿಸಿಕೊಳ್ಳಿ. ದುಡ್ಡು ಕೊಟ್ಟ ಮಾತ್ರಕ್ಕೆ ಲೇಬಲ್ ವಿನ್ಯಾಸದ ಕಾಪಿರೈಟ್ ತಾನಾಗಿ ನಿಮ್ಮದಾಗುವುದಿಲ್ಲ. ಅತ್ತೆಯವರ ಒಪ್ಪಿಗೆ ಪತ್ರವನ್ನೂ ತೆಗೆದುಕೊಳ್ಳಿ, ಬದುಕಿರುವವರ ಹೆಸರಾದರೆ ರಿಜಿಸ್ಟ್ರಾರ್ ಅದನ್ನು ಕೇಳಬಹುದು. ಆದರೆ 'ಅಪ್ಪೆಮಿಡಿ' ಎಂಬ ಪದ ಮಾತ್ರ ನಿಮಗೊಬ್ಬರಿಗೇ ಸಿಗುವುದಿಲ್ಲ. ಅದು ಮಲೆನಾಡಿನ ಎಲ್ಲರದು, ಅದಕ್ಕೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆಯೇ ಇದೆ.

ನೋಟಿಸನ್ನು ಸಿಟ್ಟಿನಲ್ಲಿ ನೀವೇ ವಾಟ್ಸಾಪ್‌ನಲ್ಲಿ ಕಳಿಸಬೇಡಿ. ಆಧಾರವಿಲ್ಲದೆ ಬೆದರಿಸಿದರು ಅಂತ ಅವರೇ ನಿಮ್ಮ ಮೇಲೆ ದಾವೆ ಹಾಕಲು ಕಾನೂನಿನಲ್ಲಿ ಅವಕಾಶ ಇದೆ. ಹಾಗಂತ ಸುಮ್ನೆ ಕೂರುವುದೂ ಬೇಡ. ಅವರು ನೋಂದಣಿ ಮಾಡಿಸಿಕೊಂಡು ಬಳಸುತ್ತಿರುವುದು ಗೊತ್ತಿದ್ದೂ ನೀವು ಸತತ 5 ವರ್ಷ ಸುಮ್ಮನಿದ್ದರೆ ಆಮೇಲೆ ಕೇಳುವ ಹಕ್ಕೇ ಹೋಗಬಹುದು. ದೀಪಾವಳಿಯಿಂದ ಇಲ್ಲಿಯವರೆಗೆ ಆಗಿರುವುದು ಕೆಲವೇ ತಿಂಗಳು. ಈ ತಿಂಗಳೇ ಹೋಗಿ.

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಬೆಣ್ಣೆ ದೋಸೆ ಹೋಟೆಲ್. ಆರು ತಿಂಗಳ ಹಿಂದೆ ಕನ್ಸಲ್ಟೆಂಟ್ ಒಬ್ಬರ ಮೂಲಕ ಟ್ರೇಡ್‌ಮಾರ್ಕ್‌ಗೆ ಹಾಕಿಸಿದ್ದೆವು. ಈಗ ವೆಬ್‌ಸೈಟಿನಲ್ಲಿ 'ಅಬ್ಜೆಕ್ಟೆಡ್' ಅಂತ ತೋರಿಸುತ್ತಿದೆ. ಅವರು ಫೋನ್ ಎತ್ತುತ್ತಿಲ್ಲ. ಯಾರು ನಮ್ಮ ಮೇಲೆ ಕೇಸು ಹಾಕಿದ್ದಾರೆ?

ಉತ್ತರ: ಯಾರೂ ಹಾಕಿಲ್ಲ, ಗಾಬರಿ ಬೇಡ. 'ಅಬ್ಜೆಕ್ಟೆಡ್' ಅಂದರೆ ಕಚೇರಿಯ ಪರೀಕ್ಷಕರೇ ಆಕ್ಷೇಪ ಎತ್ತಿದ್ದಾರೆ ಅಂತ. ಹೊರಗಿನವರು ತಕರಾರು ಮಾಡಿದರೆ ಬರುವ ಪದ 'ಅಪೋಸ್ಡ್'. ಆದರೆ ಗಡುವಿನ ವಿಷಯದಲ್ಲಿ ಗಾಬರಿಯಾಗಲೇಬೇಕು. ಪರೀಕ್ಷಾ ವರದಿ ಕೈಸೇರಿದ ಒಂದು ತಿಂಗಳೊಳಗೆ ಉತ್ತರ ಕೊಡಬೇಕು, ಇಲ್ಲದಿದ್ದರೆ ಅರ್ಜಿ ಕೈಬಿಟ್ಟಂತೆ ಲೆಕ್ಕ. ವರದಿ ಹೋಗುವುದು ಅರ್ಜಿಯಲ್ಲಿ ಕೊಟ್ಟ ಇಮೇಲಿಗೆ. ಅದು ನಿಮ್ಮದಲ್ಲ, ಕನ್ಸಲ್ಟೆಂಟರದು! ನನ್ನ ಹತ್ತಿರ ಬರುವ ಹಾಳಾದ ಅರ್ಜಿಗಳಲ್ಲಿ ಇದೇ ಕತೆ ಮತ್ತೆ ಮತ್ತೆ ಕಾಣುತ್ತದೆ. ಇವತ್ತೇ ಅರ್ಜಿ ನಂಬರ್ ಹಾಕಿ ವೆಬ್‌ಸೈಟಿನಿಂದ ವರದಿ ಇಳಿಸಿಕೊಳ್ಳಿ, ಯಾರ ಪಾಸ್‌ವರ್ಡೂ ಬೇಡ. ಅದರ ಮೇಲಿನ ದಿನಾಂಕ ನೋಡಿ. ಬೇರೆ ವಕೀಲರಿಗೆ ಹೊಸ ಅಧಿಕಾರ ಪತ್ರ ಬರೆದುಕೊಟ್ಟು ಕೆಲಸ ಒಪ್ಪಿಸಿ. ಈ ಸಲ ಅರ್ಜಿಯಲ್ಲಿ ನಿಮ್ಮ ಇಮೇಲ್ ಕೂಡ ಸೇರಿಸಲು ಹೇಳಿ.

ಆಕ್ಷೇಪ ಏನಿರಬಹುದು ಅಂತ, ಊರೂ ತಿಂಡಿಯೂ ಸೇರಿರುವ ನಿಮ್ಮ ಹೋಟೆಲಿನ ಹೆಸರು ನೋಡಿದರೆ ಊಹಿಸಬಹುದು. ಊರು ಮತ್ತು ತಿಂಡಿಯ ಹೆಸರನ್ನು ಜೋಡಿಸಿದರೆ ಅದು ಸರಕಿನ ವಿವರಣೆಯಾಯಿತು, ಗುರುತಾಗಲಿಲ್ಲ. ದಾವಣಗೆರೆ ಬೆಣ್ಣೆ ದೋಸೆ ಊರಿನ ಆಸ್ತಿ. ಅದರ ಜೊತೆಗೆ ನಿಮ್ಮದೇ ಆದ ಒಂದು ಪದ, ಚಿತ್ರ ಇದ್ದರೆ ಅದನ್ನು ಹಿಡಿದು ವಾದಿಸಬಹುದು. ದೇವರ ಹೆಸರು, ಪುರಾಣದ ಹೆಸರಿನ ಕತೆಯೂ ಹೀಗೇ. ಅಗರಬತ್ತಿಗೆ 'ರಾಮಾಯಣ' ಎಂಬ ಪದದ ಮೇಲೆ ಒಬ್ಬರೇ ಹಕ್ಕು ಕೇಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ.

ನಮ್ಮ ರಾಜ್ಯದ್ದೇ ಒಂದು ದೊಡ್ಡ ಉದಾಹರಣೆ ಇದೆ. ಹಾಲಿನ ಮಹಾಮಂಡಳದ 'ನಂದಿನಿ' ಹೆಸರು 1985ರಿಂದ ಇದೆ. ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲಿನವರು 1989ರಿಂದ ಆ ಹೆಸರು ಬಳಸುತ್ತಿದ್ದರು, ಇಂಗ್ಲಿಷಿನಲ್ಲಿ ಒಂದು 'ಎಚ್' ಜಾಸ್ತಿ. ಹೋಟೆಲಿನವರ ಅರ್ಜಿಗೆ ಮಹಾಮಂಡಳ ತಕರಾರು ಮಾಡಿತು. ಮೇಲ್ಮನವಿ ಮಂಡಳಿಯಲ್ಲಿ, ಹೈಕೋರ್ಟಿನಲ್ಲಿ ಹೋಟೆಲಿನವರು ಸೋತರು. 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ನಂದಿನಿ ಎಂಬುದು ದೇವತೆಯ, ಪವಿತ್ರ ಹಸುವಿನ ಹೆಸರು, ಒಬ್ಬರೇ ಸೃಷ್ಟಿಸಿದ ಪದವಲ್ಲ, ಎರಡರ ಚಿತ್ರ-ಅಕ್ಷರ ಬೇರೆ, ವ್ಯಾಪಾರ ಬೇರೆ ಅಂತ ಕೋರ್ಟು ನೋಡಿತು. ಹಾಲು ಮತ್ತು ಹಾಲಿನ ಉತ್ಪನ್ನ ಮಾತ್ರ ಹೋಟೆಲಿನವರ ಅರ್ಜಿಯ ಸರಕಿನ ಪಟ್ಟಿಯಲ್ಲಿ ಇರಬಾರದು ಎಂದಿತು. ನಾನು ಇದನ್ನು ಓದುವುದು ಹೀಗೆ: ಎಲ್ಲರಿಗೂ ಸೇರಿದ ಹೆಸರನ್ನು ಆರಿಸಿಕೊಂಡರೆ ಅದನ್ನು ಕಾಯುವುದು ಅಷ್ಟು ದೊಡ್ಡ ಸಂಸ್ಥೆಗೂ ಸುಲಭವಲ್ಲ. ನೀವು ಎರಡನೇ ಶಾಖೆ ತೆರೆಯುವುದಿದ್ದರೆ, ಅದಕ್ಕೆ ಮುಂಚೆಯೇ ಹೆಸರಿಗೆ ಏನಾದರೂ ಹೊಸದನ್ನು ಸೇರಿಸುವ ಯೋಚನೆ ಮಾಡಿ.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಮೈಸೂರಿನ ನಮ್ಮ ಮನೆಯವರ ಕಂಪನಿಯ ಕುರುಕಲು ತಿಂಡಿಗಳನ್ನು ಇಲ್ಲಿ ಮಾರುತ್ತಿದ್ದೇನೆ. ಭಾರತದಲ್ಲಿ ನೋಂದಣಿಯಾಗಿದೆ. ಇಲ್ಲಿ ಮತ್ತೆ ಬೇಕಾ?

ಉತ್ತರ: ಬೇಕು. ಭಾರತದ ನೋಂದಣಿ ಭಾರತದ ಗಡಿಯೊಳಗೆ ಮಾತ್ರ. ಎರಡು ದಾರಿ ಇವೆ. ಭಾರತ 2013ರಿಂದ ಮ್ಯಾಡ್ರಿಡ್ ಪ್ರೋಟೋಕಾಲ್ ಎಂಬ ಅಂತರರಾಷ್ಟ್ರೀಯ ಟ್ರೇಡ್‌ಮಾರ್ಕ್ ಒಪ್ಪಂದದಲ್ಲಿದೆ, ಇಲ್ಲಿನ ಅರ್ಜಿಯ ಆಧಾರದ ಮೇಲೆ ಇಲ್ಲಿಂದಲೇ ಅಮೆರಿಕಕ್ಕೆ ವಿಸ್ತರಿಸಬಹುದು. ಇಲ್ಲವೇ ಅಲ್ಲಿನ ಕಚೇರಿಗೆ ನೇರವಾಗಿ ಹಾಕಬಹುದು. ಮೊದಲು ತೀರ್ಮಾನ ಮಾಡಬೇಕಾದ್ದು ಹೆಸರಿನ ಮಾಲೀಕರು ಯಾರು ಎಂಬುದು. ಮೈಸೂರಿನ ಕಂಪನಿಯೇ ಮಾಲೀಕ ಎಂದಾದರೆ, 2019ರ ಆಗಸ್ಟ್‌ನಿಂದ ಹೊರದೇಶದ ಅರ್ಜಿದಾರರಿಗೆ ಅಮೆರಿಕದ ಪರವಾನಗಿ ಇರುವ ಅಟಾರ್ನಿ ಕಡ್ಡಾಯ. ಅಲ್ಲಿಯೇ ನೆಲೆಸಿರುವ ನಿಮ್ಮ ಹೆಸರಿನಲ್ಲಾದರೆ ಕಡ್ಡಾಯವಲ್ಲ, ಆದರೆ ಹಾಗೆ ಮಾಡಿದರೆ ಅಲ್ಲಿ ಹೆಸರು ಕಂಪನಿಯದಲ್ಲ, ನಿಮ್ಮದಾಗುತ್ತದೆ. ಊರಿನಲ್ಲಿ ಮನೆಯವರ ಜೊತೆ ಇದನ್ನು ಬಾಯಿಬಿಟ್ಟು ಮಾತಾಡಿ, ಬರೆದಿಟ್ಟುಕೊಂಡು ಆಮೇಲೆ ಮುಂದುವರಿಯಿರಿ. ಕನ್ನಡದ ಪದವಾದ್ದರಿಂದ ಅದರ ಅರ್ಥವನ್ನು ಇಂಗ್ಲಿಷಿನಲ್ಲಿ ಕೇಳುತ್ತಾರೆ. ಅರ್ಥವೇ ತಿಂಡಿಯ ವಿವರಣೆಯಾಗಿದ್ದರೆ ಅಲ್ಲೂ ತೊಂದರೆಯಾಗುತ್ತದೆ.

ಪ್ರಶ್ನೆ: ಹಾಸನದ ಹತ್ತಿರ ಅಪ್ಪ 1978ರಲ್ಲಿ ಕಾಫಿಪುಡಿ ಅಂಗಡಿ ಶುರು ಮಾಡಿದರು. 2006ರಲ್ಲಿ ತಮ್ಮದೇ ಹೆಸರಿನಲ್ಲಿ ಟ್ರೇಡ್‌ಮಾರ್ಕ್ ಮಾಡಿಸಿದರು. ಮೂರು ವರ್ಷದ ಹಿಂದೆ ತೀರಿಕೊಂಡರು, ವಿಲ್ ಇಲ್ಲ. ತಮ್ಮ ಈಗ ಅದೇ ಹೆಸರಿನಲ್ಲಿ ಎದುರು ರಸ್ತೆಯಲ್ಲೇ ಅಂಗಡಿ ತೆಗೆದಿದ್ದಾನೆ. ಅಮ್ಮ ಇದ್ದಾರೆ, ಮದುವೆಯಾದ ಅಕ್ಕ ಇದ್ದಾರೆ. ದೊಡ್ಡ ಮಗ ನಾನು, ಅಂಗಡಿ ನಡೆಸುತ್ತಿರುವವನೂ ನಾನೇ. ತಮ್ಮನ ಮೇಲೆ ಕೇಸು ಹಾಕಲು ಒಳ್ಳೆಯ ವಕೀಲರು ಬೇಕು.

ಉತ್ತರ: ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಕೇಸು ಹಾಕುವ ಮೊದಲು ಕಾಗದದಲ್ಲಿ ಮಾಲೀಕರು ಯಾರು ನೋಡೋಣ. ನೋಂದಣಿ ನಿಮ್ಮ ತಂದೆಯವರ ಹೆಸರಿನಲ್ಲಿದೆ. ಟ್ರೇಡ್‌ಮಾರ್ಕ್ ಕೂಡ ಗದ್ದೆ, ಮನೆಯ ಹಾಗೆ ಆಸ್ತಿಯೇ. ಅದು ಅವರ ಸ್ವಂತದ್ದಾಗಿದ್ದು ವಿಲ್ ಇಲ್ಲದಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅಮ್ಮ, ಅಕ್ಕ, ನೀವು, ತಮ್ಮ ನಾಲ್ವರಿಗೂ ಸಮ ಪಾಲು. ದೊಡ್ಡ ಮಗ, ಅಂಗಡಿ ನಡೆಸುವವನು ಅಂತ ನಿಮಗೆ ಹೆಚ್ಚಿನ ಪಾಲು ತಾನಾಗಿ ಬರುವುದಿಲ್ಲ. ತಂದೆಯವರು ಪಾಲುದಾರಿಕೆಯಲ್ಲಿ ನಡೆಸುತ್ತಿದ್ದರೆ ಲೆಕ್ಕ ಬೇರೆ, ಆ ಪಾಲುಪತ್ರದಲ್ಲಿ ಹೆಸರಿನ ಬಗ್ಗೆ ಏನು ಬರೆದಿದೆ ಎಂಬುದೇ ಮುಖ್ಯ.

ಅದಕ್ಕಿಂತ ತುರ್ತಿನದು ಇನ್ನೊಂದಿದೆ. ನೋಂದಣಿ ಅರ್ಜಿಯ ದಿನಾಂಕದಿಂದ 10 ವರ್ಷ ಮಾತ್ರ. 2006ರ ಅರ್ಜಿಯಾದರೆ 2016ಕ್ಕೆ ಒಮ್ಮೆ ನವೀಕರಿಸಿರಬೇಕು, ಮುಂದಿನದು 2026. ಅದು ಆಗಿದೆಯಾ? ನೀವಿಬ್ಬರೂ ಜಗಳದಲ್ಲಿರುವಾಗ ನವೀಕರಣ ತಪ್ಪಿದರೆ ಹೆಸರು ಪಟ್ಟಿಯಿಂದಲೇ ಹೋಗುತ್ತದೆ. ಗಡುವು ಮುಗಿದ ಮೇಲೂ ದಂಡ ಕಟ್ಟಿ ಉಳಿಸಿಕೊಳ್ಳಲು ಸ್ವಲ್ಪ ಕಾಲ ಅವಕಾಶ ಇರುತ್ತದೆ, ಅದೂ ಮುಗಿದರೆ ಹೊಸದಾಗಿ ಮೊದಲಿನಿಂದ ಹಾಕಬೇಕು.

ವಕೀಲರನ್ನು ಹಿಡಿಯಿರಿ, ಆದರೆ ಮೊದಲ ದಿನವೇ ದಾವೆಗಲ್ಲ. ಈ ನೋಂದಣಿಯ ಸ್ಥಿತಿ ನೋಡಿ, ವಾರಸುದಾರರ ಹೆಸರಿಗೆ ದಾಖಲೆ ಬದಲಿಸಿಕೊಡುವ ಕೆಲಸಕ್ಕೆ. ನಿಮ್ಮ ವಕೀಲರು ನಿಮ್ಮ ವಕೀಲರು, ತಮ್ಮನಿಗೆ ಬೇರೆಯವರೇ ಇರಬೇಕು, ಇಬ್ಬರಿಗೂ ಒಬ್ಬರೇ ಸಲಹೆ ಕೊಡುವುದು ಸರಿಯಲ್ಲ. ಆಮೇಲೆ ಮಧ್ಯಸ್ಥಿಕೆಗೆ ಕೂರಿ. ತುರ್ತು ತಡೆಯಾಜ್ಞೆ ಬೇಡದ ವಾಣಿಜ್ಯ ದಾವೆಗಳಲ್ಲಿ ಕೋರ್ಟಿಗೆ ಹೋಗುವ ಮುಂಚೆ ಮಧ್ಯಸ್ಥಿಕೆ ಹೇಗೂ ಕಡ್ಡಾಯ. ಹೆಸರನ್ನು ನೀವು ಇಟ್ಟುಕೊಂಡು ಉಳಿದವರ ಪಾಲಿಗೆ ದುಡ್ಡು ಕೊಡಬಹುದು. ಅಥವಾ ನಾಲ್ವರೂ ಮಾಲೀಕರಾಗಿದ್ದು ಎರಡೂ ಅಂಗಡಿಗೆ ಪರವಾನಗಿ ಬರೆದುಕೊಡಬಹುದು, ಆಗ ಎರಡೂ ಕಡೆ ಬೀಜ-ಚಿಕೋರಿಯ ಪ್ರಮಾಣ ಒಂದೇ ಇರಬೇಕು, ಅಪ್ಪ ಮಾಡುತ್ತಿದ್ದ ಹಾಗೆ. "ಹಾಸನ ನನಗೆ, ಸಕಲೇಶಪುರ ನಿನಗೆ" ಅಂತ ಊರು ಹಂಚಿಕೊಳ್ಳುವ ಒಪ್ಪಂದವನ್ನು ಮಾತ್ರ ನೀವೇ ಬರೆದುಕೊಳ್ಳಬೇಡಿ. ಒಂದು ಗುರುತನ್ನು ಪ್ರದೇಶವಾರು ಒಡೆಯುವುದಕ್ಕೆ ಕಾನೂನಿನಲ್ಲಿ ಕಟ್ಟುಪಾಡುಗಳಿವೆ.

ಅಕ್ಕನ ಹೆಸರು ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗಿದೆ. ಅವರ ಸಹಿ ಇಲ್ಲದೆ ಇದರಲ್ಲಿ ಏನೂ ಸರಿಯಾಗಿ ಮುಗಿಯುವುದಿಲ್ಲ. ತಮ್ಮನ ಜೊತೆ ಮಾತು ನಿಂತಿದ್ದರೆ ಮೊದಲು ಅಕ್ಕನಿಗೆ ಫೋನ್ ಮಾಡಿ. ಅಪ್ಪನ ಬೀರುವಿನಲ್ಲಿ ನೋಂದಣಿಯ ಮೂಲ ಸರ್ಟಿಫಿಕೇಟ್, ನವೀಕರಣದ ಕಾಗದ ಇದೆಯಾ ಅಂತ ಅಮ್ಮನ ಎದುರಿಗೇ ಮೂವರೂ ಕೂತು ಹುಡುಕಿ, ಸಿಕ್ಕಿದ್ದಕ್ಕೆಲ್ಲ ಮೂರು ಜೆರಾಕ್ಸ್ ಮಾಡಿಸಿ.